ಪಳ್ಳಿಗೆ ಹೋಗುವವನು

ಹಣೆಯ ಮೇಲಿನ ಮೂರು ಗೆರೆ ವಿಭೂತಿ ಚಂದ್ರಮತಿಗೆ ದುಬಾರಿಯೇ ಆಗಿತ್ತು. "ಹಣೆ ಒರೆಸಿಕೊಂಡು ಬಾ" ಎಂದ ಸೀರೆ ಅಂಗಡಿಯವನ ಮಾತು ಕೇಳದ್ದಕ್ಕೆ ಕೆಲಸ ಹೋಯಿತು. ಮದುವೆಯ ಮಾತು ಮುಗಿದಿದ್ದ ಗಂಡು, "ಮದ್ವೆ ಆದ್ಮೇಲೆ ಇದೆಲ್ಲ ಬೇಡ" ಎಂದ. ಅವಳು ಒಪ್ಪಲಿಲ್ಲ, ಅವನೂ ಹೋದ. ಉಳಿದದ್ದು ಗುಂಡ್ಲುಪೇಟೆಯಲ್ಲೊಂದು ಹೊಲಿಗೆ ಅಂಗಡಿ, ಮಧ್ಯಾಹ್ನ ಮಿಷನ್ ಮೇಲೆಯೇ ತಟ್ಟೆ ಇಟ್ಟುಕೊಂಡು ಒಬ್ಬಳೇ ಉಣ್ಣುವ ಅಭ್ಯಾಸ.

ಹಾಗಾಗಿ, ಬಿಳಿ ಅಂಗಿ ಹಿಡಿದು ಬಂದ ಬೇಕರಿಯ ಸಾಜು ಹಣೆಯನ್ನೇ ನೋಡಿದಾಗ ಸಿಡುಕಿದಳು.

"ಏನ್ ಅಂಗ್ ನೋಡ್ತಿದ್ದೀರಿ?"

"ಮೂರೂ ಎಷ್ಟು ನೇರ ಇದೆ... ನನಗೆ ಸ್ಕೇಲ್ ಇಟ್ಟರೂ ಬರಲ್ಲ."

ನಗು ಬಂತು. ತಡೆದುಕೊಂಡಳು.

"ಕಾಲರ್ ತಿರುಗಿಸಿ ಹೊಲೀಬೇಕು. ಭಾನುವಾರ ಪಳ್ಳಿಗೆ ಹೋಗ್ಬೇಕು," ಎಂದ.

ವಯನಾಡಿನವನು, ಹಳ್ಳಿ ಅನ್ನಲು ನಾಲಿಗೆ ಹೊರಳುವುದಿಲ್ಲ ಎಂದುಕೊಂಡಳು.

ಆಮೇಲೆ ಗುಂಡಿ ಹಾಕಿಸಲು ಬಂದ, ಕಿಸೆ ಹೊಲಿಸಲು ಬಂದ. ಕಿಸೆ ಹರಿದೇ ಇರಲಿಲ್ಲ. ಅವನ ಹೆಜ್ಜೆಗಾಗಿ ಅವಳು ಕಿವಿ ಕೊಡತೊಡಗಿದಳು. ಭಾನುವಾರ ಮಾತ್ರ ಅವನು ಸಿಗುತ್ತಿರಲಿಲ್ಲ.

ಒಂದು ದಿನ ಕೇಳಿಯೇ ಬಿಟ್ಟಳು. "ವಾರವಾರ ಓಗ್ತೀರಲ್ಲ, ಯಾರವ್ರೆ ಅಲ್ಲಿ?"

"ನನ್ನ ಕಾಯೋರು," ಎಂದ ಮೆಲ್ಲಗೆ.

ಹೆಂಡತಿ... ಊರಲ್ಲಿ ಕಾಯುವವಳು ಇನ್ಯಾರು?

"ಬೇರೆ ಟೈಲರ್ ನೋಡ್ಕಳಿ," ಎಂದು ಅಂಗಿ ವಾಪಸ್ ಕೊಟ್ಟಳು. ಅಂದು ಮಧ್ಯಾಹ್ನ ತಟ್ಟೆಯ ಅನ್ನ ಹಾಗೆಯೇ ಉಳಿಯಿತು. ಅವನು ಮತ್ತೆ ಬರಲಿಲ್ಲ.

ಲೈನಿಂಗ್ ಬಟ್ಟೆ ತರಲು ಒಂದು ಭಾನುವಾರ ಚಾಮರಾಜನಗರಕ್ಕೆ ಹೋದಾಗ, ತಾನೇ ಹೊಲಿದ ಕಾಲರ್ ಕಣ್ಣಿಗೆ ಬಿತ್ತು. ಸಾಜು ಚರ್ಚಿನಿಂದ ಹೊರಬರುತ್ತಿದ್ದ. ಒಬ್ಬನೇ.

"ಹಳ್ಳಿಗೆ ಓಗ್ಲಿಲ್ವ?"

"ಯಾವ ಹಳ್ಳಿ? ಪಳ್ಳಿಗೆ ಬಂದಿದ್ದೀನಲ್ಲ. ನಾವು ಚರ್ಚ್‌ಗೆ ಪಳ್ಳಿ ಅಂತೀವಿ."

"ಮತ್ತೆ... ಕಾಯೋರು?"

ಅವನು ಗೋಪುರದ ಶಿಲುಬೆ ತೋರಿಸಿದ. "ನನ್ನ ಕಾಪಾಡೋರು. ಬೇರೆ ಯಾರೂ ಇಲ್ಲ ನನಗೆ."

"ಅಯ್ಯೋ... ನಿಮ್ಗೆ ಮದ್ವೆನೇ ಮಾಡ್ಬುಟ್ಟಿದ್ನಲ್ಲ ನಾನು."

ಇಬ್ಬರೂ ನಕ್ಕರು. ಗೇಟಿನ ಬಳಿ ನಿಂತವರು ತಿರುಗಿ ನೋಡಿದರು. ಹಳೆಯ ಭಯ ಮರಳಿ, ಅವಳ ಕೈ ಸೆರಗು ಹಿಡಿದು ಹಣೆಗೆ ಹೋಯಿತು.

"ಅಳಿಸಬೇಡಿ," ಎಂದ ಸಾಜು. "ನನ್ನ ಜೊತೆ ಬಾಳೋಕೆ ಅದನ್ನ ಅಳಿಸ್ಬೇಕು ಅನ್ನೋದಾದ್ರೆ ನೀವು ಬರೋದೇ ಬೇಡ. ನನ್ನ ಕೊರಳಲ್ಲೂ ಶಿಲುಬೆ ಇದೆ. ನಿಮಗೆ ಕಷ್ಟ ಆಗುತ್ತಾ?"

ಬಾಳೋಕೆ... ಆ ಮಾತು ಒಳಗಿಳಿಯಲು ಹೊತ್ತು ಹಿಡಿಯಿತು.

"ನನ್ ಕೊರಳಲ್ಲಿ ಲಿಂಗ ಐತೆ. ಎಲ್ಡೂ ಅದರದರ ಪಾಡಿಗೆ ಇರ್ಲಿ ಬುಡಿ."

"ಹಾಗಾದ್ರೆ ಊಟಕ್ಕೆ ಹೋಗೋಣ?"

"ಓಗನ. ಮೀನು ತಕೊಂಡ್ರೆ ನೀವು ಆ ಕಡೆ ಮೇಜು."

ಇಬ್ಬರ ಮದುವೆಯಾದ ಮೇಲೆ, ಕುದೇರಿನಲ್ಲಿರುವ ಅವಳ ಅಣ್ಣ ರಾಜಶೇಖರ್ ಮಾತು ಬಿಟ್ಟ. ಹಬ್ಬಕ್ಕೆ ತವರಿನಿಂದ ಕರೆ ಬರುವುದಿಲ್ಲ, ಆ ನೋವು ಹೋಗಿಲ್ಲ. ಹಣೆಯ ಮೂರು ಗೆರೆ ಹಾಗೆಯೇ ಇವೆ. ಮಧ್ಯಾಹ್ನ ಮಿಷನ್ ಮೇಲೆ ಈಗ ಎರಡು ತಟ್ಟೆ.