ಕಾಫಿ ಕುಡಿದ ಎಣಿಕೆ ಯಂತ್ರ

ಕಾಲ್ಡರ್ ಕೌಂಟಿಯ ಮತಪತ್ರವನ್ನು ಬಿಡಿಸಿ ಹಾಸಿದರೆ ಇಡೀ ಮಹಾನಗರಕ್ಕೆ ಎರಡು ಸುತ್ತು ಬಂದು, ಮಿಕ್ಕ ತುದಿಯನ್ನು ಒಂದು ಸಂಸಾರ ಹೊದ್ದು ಮಲಗಬಹುದು. ಶೆರಿಫ್, ಖಜಾಂಚಿ, ಶವಪರೀಕ್ಷೆಯವನು, ಚರಂಡಿ ನೀರಿನ ಉಸ್ತುವಾರಿಯವನು, ಎಲ್ಲರನ್ನೂ ಅಲ್ಲಿ ಜನರೇ ಆರಿಸಬೇಕು. ಅಂಥ ಮತಪತ್ರಗಳನ್ನು ಬೆಳಗಿನಿಂದ ನುಂಗುತ್ತಿದ್ದ ಎಣಿಕೆ ಯಂತ್ರ ಆ ನವೆಂಬರ್ ಮಂಗಳವಾರದ ಮಧ್ಯಾಹ್ನ ಒಂದು ಹಂಡೆ ಬಿಸಿ ಕಾಫಿ ಕುಡಿದು ಸತ್ತುಬಿದ್ದಿತ್ತು.

ಮತಗಟ್ಟೆ ಇದ್ದದ್ದು ಚರ್ಚಿನ ನೆಲಮಾಳಿಗೆಯಲ್ಲಿ. ಬೆಂಕಿಯ ಗಂಟೆ ಹೊಡೆದುಕೊಂಡಿತು. ಸತ್ತವರೂ ಎದ್ದು ಓಡುವಂಥ ಗಂಟೆ. ಜನವೆಲ್ಲ ಅಂಗಳಕ್ಕೆ ನುಗ್ಗಿದರು. ಬೆಂಕಿ ಎಲ್ಲೂ ಇರಲಿಲ್ಲ. ಮರಳಿ ಬಂದು ನೋಡಿದರೆ ಕಾಫಿ ಹಂಡೆ ಯಂತ್ರದ ಮೇಲೆ ಬೋರಲು, ಕೆಳಗಿನ ಪೆಟ್ಟಿಗೆಯಲ್ಲಿ ಮತಪತ್ರಗಳೆಲ್ಲ ತೊಪ್ಪೆ.

ಯಂತ್ರದ ಪಕ್ಕದ ಕುರ್ಚಿ ಓರಿನ್ ಟಿಬ್ಸ್‌ನದು. ನಿಜಕ್ಕೂ ಅದು ಅವನ ಹೆಂಡತಿ ಅರ್ಲೀನ್‌ಳ ಕುರ್ಚಿ. ಈ ಮತಗಟ್ಟೆ ಹುಟ್ಟುವ ಮೊದಲೇ ಆಕೆ ಅಲ್ಲಿ ಕೂತಿದ್ದಳೆಂದೂ, ಸುತ್ತ ಚರ್ಚು ಆಮೇಲೆ ಕಟ್ಟಿದ್ದೆಂದೂ ಬೀದಿಯವರು ಹೇಳುತ್ತಿದ್ದರು. ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡಳು. ಅಂದಿನಿಂದ ಓರಿನ್‌ಗೆ ಏನೂ ತಟ್ಟುತ್ತಿರಲಿಲ್ಲ. ಬೆಳಿಗ್ಗೆ ಕುಡಿದ ಕಾಫಿ ಬಿಸಿಯಿತ್ತೋ ತಣ್ಣಗಿತ್ತೋ ಅವನು ಹೇಳಲಾರ. ಕೆಲಸ ಮಾತ್ರ ನಡೆಯುತ್ತಿತ್ತು. ಅಭ್ಯರ್ಥಿಯ ಹೆಸರಿದ್ದ ಅಂಗಿ ತೊಟ್ಟು ಬಂದವಳೊಬ್ಬಳನ್ನು, ಒಳಗೆ ಪ್ರಚಾರ ಕೂಡದೆಂದು ಶೌಚಾಲಯಕ್ಕೆ ಕಳಿಸಿ, ಅಂಗಿಯ ಒಳಮೈ ಹೊರಗೆ ಮಾಡಿ ಹಾಕಿಕೊಂಡು ಬರುವಂತೆ ಹೇಳಿದ್ದ. ಅಷ್ಟೆ.

ಮತಗಟ್ಟೆಯ ಕೆಲಸಕ್ಕೆ ಎರಡೂ ಪಕ್ಷದವರು ಇರಬೇಕು. ಓರಿನ್‌ನ ಎದುರು ಪಕ್ಷದ ಕಡೆಯಿಂದ ಬಾಗಿಲಲ್ಲಿ ಕೂತಿದ್ದ ಡಾಟಿ ಗ್ರೀನ್‌ಲೀ, ಬಂದ ಪೊಲೀಸನಿಗೆ ಸುತ್ತುಬಳಸದೆ ಹೇಳಿದಳು. "ಗಂಟೆ ಹೊಡೆದಾಗ ಎಲ್ಲರೂ ಎದ್ವಿ. ಇವರೊಬ್ರು ಕೂತೇ ಇದ್ರು. ಕೊನೇಲಿ ಹೊರಗೆ ಬಂದೋರು ಇವರೇ. ಅರ್ಲೀನ್ ಕುರ್ಚಿ ಅಂತ ಇಷ್ಟು ದಿನ ಸುಮ್ನಿದ್ದೆ. ಇನ್ನು ಇವರು ಅಲ್ಲಿ ಕೂರಬಾರದು."

ಪೊಲೀಸ್ ಓರಿನ್‌ನತ್ತ ತಿರುಗಿದ.

"ನಾನೇ ಚೆಲ್ಲಿರಬಹುದು," ಎಂದ ಓರಿನ್. "ನೆನಪಿಲ್ಲ."

ಆಗ ಮತದಾನದ ಸಾಲಿನಿಂದ ಒಂದು ಊರುಗೋಲು ಮೇಲೆದ್ದಿತು. ಅದರ ಒಡತಿ ಮಿನಾ ಪಾಸ್ಕೋ, ಓರಿನ್‌ನ ಮನೆಯ ಮೇಲಿನ ಮಹಡಿಯವಳು. ಶೆರಿಫ್ ಕಚೇರಿಯ ನಿವೃತ್ತ ತನಿಖಾಧಿಕಾರಿ. ಆಕೆ ಕಣ್ಣು ಕಿರಿದು ಮಾಡಿದರೆ ಅರ್ಧ ಕೌಂಟಿ ತಪ್ಪೊಪ್ಪಿಕೊಳ್ಳುತ್ತದೆಂದು ಪ್ರತೀತಿ. ಅರವತ್ತು ವಸಂತಗಳ ಗೆಳೆತನದಲ್ಲಿ ಆಕೆಯ ಚೀಲ ಹೊರುವ ಕೆಲಸ ಓರಿನ್‌ನದೇ.

"ಏಳೋ ಓರಿನ್," ಎಂದಳು. "ಚೀಲ ತಗೋ. ನಿನ್ನನ್ನ ಜೈಲಿಗೆ ಕಳಿಸೋದಾದ್ರೆ ನಾನೇ ಕಳಿಸ್ತೀನಿ, ಡಾಟಿ ಅಲ್ಲ."

ಬೆಂಕಿಯ ಗಂಟೆ ಎಳೆಯುವ ಹಿಡಿ ಶೌಚಾಲಯದ ಬಾಗಿಲ ಪಕ್ಕದ ಗೋಡೆಯಲ್ಲೇ ಇತ್ತು. ಮಿನಾ ಅದನ್ನು ನೋಡಿ, ಮೆಟ್ಟಿಲು ಹತ್ತಿ ಅಂಗಳಕ್ಕೆ ಹೋದಳು. ಪ್ರಚಾರದವರು ದಾಟಬಾರದೆಂದು ಇಟ್ಟಿದ್ದ ನೀಲಿ ಪ್ಲಾಸ್ಟಿಕ್ ಶಂಕುಗಳ ಆಚೆ ಟ್ರೆಂಟ್ ಕುಲಿಗನ್ ಎಂಬ ಹುಡುಗ ಕರಪತ್ರ ಹಂಚುತ್ತಿದ್ದ. ದಪ್ಪ ಹಳದಿ ಸ್ವೆಟ್‌ಶರ್ಟು; ತೋಳತುದಿಯಲ್ಲಿ ಕಂದು ಚುಕ್ಕೆಗಳು; ಕತ್ತಿನ ಹಿಂದೆ ನಾಲಿಗೆ ಚಾಚಿದ ಬಿಳಿ ಲೇಬಲ್ಲು.

"ಯಾರ ಕಡೆಯವನಪ್ಪ ನೀನು?" ಎಂದಳು ಮಿನಾ.

"ಕೌಂಟಿ ಕಮಿಷನರ್ ವಾಸ್ ಕಡೆ, ಮೇಡಂ. ಮತ್ತೆ ನಿಂತಿದ್ದಾರಲ್ಲ. ಇನ್ಯಾರಿದ್ದಾರೆ?"

"ಒಳಗೆ ಹೋಗಿದ್ಯಾ?"

"ಬೆಳಿಗ್ಗೆಯಿಂದ ಈ ಶಂಕು ದಾಟಿಲ್ಲ. ಒಂದಕ್ಕೂ ಹೋಗಿಲ್ಲ. ನನ್ನ ವೋಟೂ ಈ ಮತಗಟ್ಟೇಲಿಲ್ಲ."

ಮಿನಾ ಅವನ ತಾಳ್ಮೆಯನ್ನು ಹೊಗಳಿ, ಒಂದು ಗಳಿಗೆ ಕೆಳಗೆ ಬಾ ಎಂದಳು. ಆಕೆ ಕರೆದರೆ ಚರ್ಚಿನ ಗೋಪುರವೂ ಇಳಿದು ಬರುತ್ತಿತ್ತು, ಟ್ರೆಂಟ್ ಬಂದ.

ಸತ್ತ ಯಂತ್ರದ ಸುತ್ತ ಎಲ್ಲರೂ ನಿಂತರು. ಮಿನಾ ಅರ್ಲೀನ್‌ಳ ಕುರ್ಚಿಯಲ್ಲೇ ಕೂತಳು.

"ಓರಿನ್, ಬೆಳಿಗ್ಗೆ ನೀನು ಒಳಗೆ ಬರುವಾಗ ಈ ಹುಡುಗನ ಎದೆ ಮೇಲೆ ಏನಿತ್ತು?"

ಏಪ್ರಿಲ್‌ನಿಂದೀಚಿನದೆಲ್ಲ ಓರಿನ್‌ನ ತಲೆಯಲ್ಲಿ ಮಂಜಿನ ಕೆಳಗಿತ್ತು. "ಹೆಸರಿತ್ತು," ಎಂದ ಕಡೆಗೆ. "ಮತ್ತೊಮ್ಮೆ ವಾಸ್, ಅಂತ. ಕೆಂಪಕ್ಷರ. ಅರ್ಲೀನ್ ಇದ್ದಿದ್ರೆ, ಇಷ್ಟು ದೊಡ್ಡ ಹೆಸರಿಗೆ ಇಷ್ಟು ಸಣ್ಣ ಮನುಷ್ಯನಾ ಅಂತಿದ್ಲು. ಹಾಗನ್ನಿಸಿತ್ತು."

ಎಲ್ಲರೂ ಟ್ರೆಂಟ್‌ನ ಎದೆ ನೋಡಿದರು. ಬರೀ ಹಳದಿ.

"ಹೆಸರು ಎಲ್ಲಿಗೂ ಹೋಗಿಲ್ಲ, ಒಳಗಿದೆ," ಎಂದಳು ಮಿನಾ. "ಹೊಲಿಗೆ ನೋಡಿ, ಲೇಬಲ್ ನೋಡಿ. ಬೆಳಿಗ್ಗೆ ಸರಿಯಾಗಿದ್ದ ಅಂಗಿಯನ್ನ ಈ ಚಳೀಲಿ ಬಿಚ್ಚಿ ಒಳಮೈ ಹೊರಗೆ ಮಾಡೋಕೆ ಒಂದೇ ಕಾರಣ. ಹೆಸರು ಕಂಡ್ರೆ ಇಲ್ಲಿ ಯಾರಾದ್ರೂ ತಡೀತಾರೆ. ಹೆಸರು ಕಳಚಿದ ಪ್ರಚಾರದವನನ್ನ ಚುನಾವಣೆ ದಿನ ಯಾರೂ ಕಣ್ಣೆತ್ತಿ ನೋಡಲ್ಲ. ಸಾಲಿನ ಜೊತೆ ನುಸುಳಿ ಶೌಚಾಲಯ ಸೇರಿದ. ಕೈ ಚಾಚಿ ಗಂಟೆ ಎಳೆದ. ಓರಿನ್ ಏಳೋವರೆಗೂ ಕದದ ಸಂದೀಲಿ ಕಾದು, ಆಮೇಲೆ ಹಂಡೆ ಎತ್ತಿದ. ಅಂಗಳದ ಗದ್ದಲದಲ್ಲಿ ಸೇರಿಕೊಂಡ. ಅಂಗಿ ತಿರುಗಿಸೋದು ಮರೆತ."

"ಕತ್ತಲಲ್ಲಿ ಹಾಕ್ಕೊಂಡೆ, ತಿರುಗುಮುರುಗಾಗಿದೆ ಅಷ್ಟೆ," ಎಂದ ಟ್ರೆಂಟ್. "ಈ ಮುದುಕ ಏನು ನೋಡಿದ್ದಾನೋ."

"ಹಾಗಾದ್ರೆ ಇವನ ತೋಳು ಮೂಸಿ ನೋಡಿ," ಎಂದಳು ಮಿನಾ ಪೊಲೀಸನಿಗೆ. "ಕಾಫಿ ಇನ್ನೂ ಹಸಿ. ಹಂಡೆ ಇದ್ದದ್ದು ಇಲ್ಲಿ. ಶಂಕು ದಾಟದೋನ ತೋಳಿಗೆ ಅದು ಹಾರಿ ಬಂತಾ?"

ಪೊಲೀಸ್ ಮೂಸಿದ, ಡಾಟಿಯೂ ಮೂಸಿದಳು. ಟ್ರೆಂಟ್ ನೆಲ ನೋಡುತ್ತಾ, ಈ ಬೀದಿಯ ವೋಟೆಲ್ಲ ವಾಸ್‌ನ ಎದುರಾಳಿ ಇನೆಸ್ ಬರಗಾನ್‌ಗೆ ಬೀಳುವುದೆಂದು ಗೊತ್ತಿತ್ತು, ಯಾರೂ ಹೇಳಿಕೊಟ್ಟಿದ್ದಲ್ಲ, ತಾನೇ ಮಾಡಿದ್ದು ಎಂದ. ಪೊಲೀಸ್ ಅವನನ್ನು ಕರೆದೊಯ್ದ.

ಮತಪತ್ರಗಳು ಒದ್ದೆಯಾಗಿದ್ದವು, ಆದರೆ ಗುರುತು ಅಳಿಸಿರಲಿಲ್ಲ. ಕೌಂಟಿ ಕಚೇರಿಯಿಂದ ಹೊಸ ಯಂತ್ರ ಬಂತು. ಹಾಳಾದ ಮತಪತ್ರಗಳನ್ನು ಎರಡೂ ಪಕ್ಷದವರು ಜೊತೆಗೆ ಕೂತು ಹೊಸದಕ್ಕೆ ನಕಲು ಮಾಡಬೇಕೆಂಬುದು ನಿಯಮ. ಹಾಗಾಗಿ ಮತದಾನ ಮುಗಿದ ಮೇಲೆ ಡಾಟಿ ಓದಿದಳು, ಅರ್ಲೀನ್‌ಳ ಕುರ್ಚಿಯಲ್ಲಿ ಕೂತು ಓರಿನ್ ಗುರುತು ಹಾಕಿದ. ಶೆರಿಫ್‌ನಿಂದ ಚರಂಡಿಯವರೆಗೆ ಪ್ರತಿ ಹೆಸರೂ. ಆ ಕೆಲಸದಲ್ಲಿ ಇಬ್ಬರೂ ಒಂದೊಂದು ಯುಗ ಮುದುಕರಾದರು. ಬರಗಾನ್ ಗೆದ್ದಳೆಂದು ಯಾರೋ ಬಂದು ಹೇಳಿದಾಗ ಓರಿನ್ ತಲೆಯಾಡಿಸಿದ, ಅಷ್ಟೆ.

ಡಾಟಿ ಹಂಡೆ ತೊಳೆದು ಹೊಸ ಕಾಫಿ ಕಾಯಿಸಿದಳು. ಮೊದಲ ಲೋಟ ಅವನ ಮುಂದಿಟ್ಟು, ಬೇರೆತ್ತಲೋ ನೋಡುತ್ತಾ ಕೇಳಿದಳು: "ಮುಂದಿನ ಚುನಾವಣೇಲೂ ಇಲ್ಲೇ ಕೂರ್ತೀರಲ್ವಾ, ಮಿಸ್ಟರ್ ಟಿಬ್ಸ್?"

ಓರಿನ್ ಒಂದು ಗುಟುಕು ಕುಡಿದ. ಲೋಟವನ್ನು ಥಟ್ಟನೆ ಕೆಳಗಿಟ್ಟು ನಾಲಿಗೆ ಹೊರಚಾಚಿದ. ಮಿನಾ ಊರುಗೋಲಿನ ಮೇಲೆ ಗಲ್ಲವೂರಿ ಅವನನ್ನೇ ನೋಡುತ್ತಿದ್ದಳು.

"ಬಿಸಿ ಇದೆ," ಎಂದ ಓರಿನ್.