ಬಿಸಿನೀರಿಗೆ ಬಿದ್ದ ಅಂಗಿ

ಲಾಂಡ್ರಿಯ ವ್ಯಾನ್ ಓಡಿಸುವವನು ಮೇಲಿನ ಹ್ಯಾಂಗರ್ ತೆಗೆಯಲು ಕೈ ಎತ್ತಿದ್ದ, ಅಷ್ಟೇ. ಇಸ್ತ್ರಿ ಮಾಡುತ್ತಿದ್ದವಳು ತಲೆ ತಗ್ಗಿಸಿ ಮೂಲೆಗೆ ಸರಿದು, "ಸಾರಿ, ಸಾರಿ" ಅಂದುಬಿಟ್ಟಳು.

ತನ್ನ ಬೆವರಿನ ನಾತಕ್ಕೇ ಹೀಗೆ ಸರಿದಳೆಂದು ಅವನು ತಿಳಿದ. ಪಾಪ, ಮರುದಿನದಿಂದ ಮೈತುಂಬ ಸೆಂಟು ಸುರಿದುಕೊಂಡು ಬರತೊಡಗಿದ. ಅವನಿಗಿಂತ ಮೊದಲು ಸೆಂಟೇ ಬಾಗಿಲು ದಾಟುತ್ತಿತ್ತು. ಅವಳನ್ನು ಕದ್ದು ನೋಡುವಾಗ ಸಿಕ್ಕಿಬಿದ್ದರೆ ಬಟ್ಟೆಗಂಟಿನ ಕಡೆ ತಿರುಗಿ ಕೆಮ್ಮುತ್ತಿದ್ದ. ಅವಳಿಗೆ ನಗು ಬರುತ್ತಿತ್ತು. ನಗು ಬಂದಿದ್ದಕ್ಕೆ ಹೆದರಿಕೆಯೂ ಆಗುತ್ತಿತ್ತು.

ಒಂದು ಮಧ್ಯಾಹ್ನ ಅವನೇ ಕೇಳಿದ. "ನನ್ನ ಕಂಡ್ರೆ ಅಸಹ್ಯನಾ ನಿಮಗೆ?"

"ನಿಮ್ಮನ್ನಲ್ಲ. ನನ್ನನ್ನೇ ಕಂಡ್ರೆ."

ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು, ತಾನು ಬಿಟ್ಟುಬಂದ ಗಂಡನ ವಿಷಯ ಹೇಳಿದಳು.

"ಹೊಡೆಯೋನು. ನನ್ನ ಮೂಗಿನ ರಕ್ತ ಅವನ ಬಿಳಿ ಅಂಗಿ ಮೇಲೆ ಬೀಳೋದು. ಆಗ ಭಯ ಇಲ್ಲ, ಕೋಪ ಇಲ್ಲ. ಬೇಗ ತಣ್ಣೀರಲ್ಲಿ ನೆನೆಸ್ಬೇಕು, ಬಿಸಿನೀರು ತಾಗಿದ್ರೆ ಕಲೆ ಕೂತುಬಿಡುತ್ತೆ, ಅದೊಂದೇ ಯೋಚನೆ ನನಗೆ. ಆಮೇಲೆ ನನ್ನ ಮಡಿಲಲ್ಲಿ ಮುಖ ಇಟ್ಟು ಅಳೋನು. ಸಿಂಬಳ ಎಲ್ಲ ನನ್ನ ಬಟ್ಟೆಗೇ. ನಾನು ಈ ಕೈಯಿಂದ ಅವನ ತಲೆ ಸವರಿ ಸಮಾಧಾನ ಮಾಡ್ತಿದ್ದೆ. ಈಗ ಇದೇ ಕೈಯಲ್ಲಿ ಊಟ ಮಾಡೋಕೂ ಹೇಸಿಗೆ."

"ಥೂ" ಅಂದ ಅವನು.

ತನಗೇ ಅಂದನೆಂದುಕೊಂಡು ಅವಳ ಮುಖ ಕಪ್ಪಿಟ್ಟಿತು.

"ಅವನಿಗೆ ಅಂದಿದ್ದು. ಎಂಥ ಹೊಲಸು ಮನುಷ್ಯ."

ಇಷ್ಟು ದಿನ ತನ್ನ ಮೇಲೆ ತಾನೇ ಉಗಿದುಕೊಳ್ಳುತ್ತಿದ್ದವಳಿಗೆ, ಉಗಿಯಬೇಕಾದ ಕಡೆ ಯಾರೋ ಉಗಿದಂತಾಯಿತು.

ಸಿಟ್ಟಿನಲ್ಲಿ ಅವನು ಹಿಚುಕಿ ಹಿಡಿದಿದ್ದ ಹ್ಯಾಂಗರಿನ ತಂತಿ ಅಂಗೈಗೆ ಚುಚ್ಚಿತ್ತು. ನೋಡಿಕೊಳ್ಳದೆ ಎದೆಗೆ ಒರೆಸಿಕೊಂಡ. ಅಂಗಿಯ ಮೇಲೆ ರಕ್ತ ಕಂಡದ್ದೇ ತಡ, ಅವಳ ಕೈ ಮುಂದೆ ಬಂತು. "ಬಿಚ್ಚಿಕೊಡಿ, ತೊಳೆದುಬಿಡ್ತೀನಿ."

"ಬೇಡ" ಎಂದು ಅವನು ಹಿಂದೆ ಸರಿದ. "ನನ್ನ ರಕ್ತ, ನನ್ನ ಅಂಗಿ. ನಾನೇ ತೊಳ್ಕೋತೀನಿ."

ಮರುದಿನ ಅದೇ ಅಂಗಿಯಲ್ಲಿ ಬಂದ. ಎದೆಯ ಮೇಲೆ ಕಂದು ಕಲೆ ಹಾಗೇ ಕೂತಿತ್ತು.

"ಬಿಸಿನೀರು ಹಾಕಿದ್ರಾ?"

"ಕುದಿಯೋ ನೀರು."

"ನಿನ್ನೆ ತಾನೆ ಹೇಳಿದ್ದೆ."

"ನೀವು ಅದೆಲ್ಲ ಹೇಳ್ತಿರುವಾಗ ನೀರಿನ ಮಾತು ನನ್ನ ಕಿವಿಗೆ ಬಿದ್ದಿದ್ರೆ ತಾನೆ."

ಅವಳು ಅವನನ್ನೇ ನೋಡಿದಳು. ಅವನು ಎರಡೂ ಕೈ ಕೆಳಗೆ ಬಿಟ್ಟು ನಿಂತಿದ್ದ. ಊಟಕ್ಕೂ ಹೇಸುತ್ತಿದ್ದ ಆ ಕೈಯನ್ನೇ ಮೆಲ್ಲಗೆ ಕಲೆಯ ಮೇಲಿಟ್ಟಳು. ಒಳಗೆ ಅವನ ಎದೆ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

"ಇದು ಹೋಗಲ್ಲ. ಇರಲಿ ಬಿಡಿ" ಅಂದಳು. "ಆದ್ರೆ ನಾಳೆಯಿಂದ ಆ ಸೆಂಟು ಮಾತ್ರ ಬೇಡ. ವಾಕರಿಕೆ ಬರುತ್ತೆ."