ತಿರುಗಿದ ಕೈಮರ

ಭಾನುವಾರ ಬೆಳಿಗ್ಗೆ ಏಳೂ ಹತ್ತಕ್ಕೆ ಹೊಲಿಗೆ ಅಂಗಡಿಯ ಹೆಂಗಸೊಬ್ಬಳು ಠಾಣೆಯ ಮೆಟ್ಟಿಲು ಹತ್ತಿದಳು. ಅಳತೆ ಟೇಪು ಇನ್ನೂ ಕುತ್ತಿಗೆಯಲ್ಲೇ ಜೋತಾಡುತ್ತಿತ್ತು.

"ನಮ್ಮಣ್ಣ ನಿನ್ನೆ ಮನೆಗೆ ಬಂದಿಲ್ಲ ಸಾರ್."

ಇನ್‌ಸ್ಪೆಕ್ಟರ್ ಕಾಗದ ಎಳೆದುಕೊಂಡರು. "ವಯಸ್ಸು?"

"ಅರವತ್ತೊಂದು. ಅಂಚೆ ಕಚೇರೀಲಿದ್ದ. ರಿಟೈರಾಗಿ ನಮ್ಮನೆಗೆ ಬಂದು ಇವತ್ತಿಗೆ ಒಂಬತ್ತು ದಿನ."

"ಎಲ್ಲಿಗೆ ಹೋಗಿದ್ರು?"

"ಅಳಿವೆ ಹತ್ರ ಪಕ್ಷಿಧಾಮ ಇದೆಯಲ್ಲ, ಅಲ್ಲಿಗೆ. ಪೇಪರಲ್ಲಿ ಹಕ್ಕಿಗೂಡಿನ ನಕ್ಷೆ ಬಂದಿತ್ತು, ಕತ್ತರಿಸಿ ಜೇಬಲ್ಲಿಟ್ಕೊಂಡಿದ್ದ. ಆರು ಗಂಟೆಗೆ ಬಂದ್ಬಿಡ್ತೀನಿ ಅಂದ."

"ಈಜು ಬರುತ್ತಾ?"

"ಅದ್ಯಾಕೆ ಕೇಳ್ತೀರಿ ಸಾರ್?" ಅಂದಳು. ಇನ್‌ಸ್ಪೆಕ್ಟರ್ ನಾಪತ್ತೆ ದೂರು ಬರೆದುಕೊಂಡು ಹೆಡ್ ಕಾನ್‌ಸ್ಟೇಬಲನನ್ನು ಕರೆದರು.

ಹತ್ತೂ ಮೂವತ್ತೈದಕ್ಕೆ ಹೆಣ ಸಿಕ್ಕಿತು. ಇಳಿತದಲ್ಲಿ ಚಿಪ್ಪು ಆಯಲು ಹೋದ ಹೆಂಗಸರು ಅಳಿವೆಯ ಕೆಸರಿನ ನಡುವಿನ ಕಾಲುವೆಯಲ್ಲಿ ಕಂಡು ಕೂಗಿದ್ದರು. ಎಡಗಾಲು ಮೊಣಕಾಲಿನವರೆಗೆ ಹೂತಿತ್ತು. ಸ್ಥಳದಲ್ಲೇ ಪಂಚನಾಮೆ ಬರೆಸಿದರು. ಕುತ್ತಿಗೆಯಲ್ಲಿದ್ದ ಕ್ಯಾಮೆರಾ ನೀರು ಕುಡಿದು ಕೆಟ್ಟಿತ್ತು. ಒಳಗಿನ ಕಾರ್ಡು ಉಳಿದಿತ್ತು.

"ಕಾಲು ಸಿಕ್ಕಿಹಾಕ್ಕೊಂಡಿದೆ, ಉಬ್ಬರ ಬಂದಿದೆ, ಮುಗೀತು," ಎಂದ ಹೆಡ್ ಕಾನ್‌ಸ್ಟೇಬಲ್. "ಅಸಹಜ ಸಾವು ಅಂತ ಹಾಕ್ಬಿಡೋಣ ಸಾರ್."

"ಹಕ್ಕಿಗೂಡು ನೋಡೋಕೆ ಬಂದವರು ಕೆಸರಿಗೆ ಯಾಕೆ ಇಳಿದ್ರು ರೀ?"

ಇಬ್ಬರೂ ಹಾದಿ ಹಿಡಿದು ವಾಪಸು ನಡೆದರು. ಹಾದಿ ಕವಲೊಡೆಯುವಲ್ಲಿ ಒಂದು ಕೈಮರವಿತ್ತು. 'ಗೂಡುಗಳ ಹಾದಿ' ಎಂಬ ಹಲಗೆ ಎಡಕ್ಕೆ, ಮರಳುದಿಣ್ಣೆಯ ಕಡೆ ಸರಿಯಾಗಿಯೇ ತೋರಿಸುತ್ತಿತ್ತು. ಬಲಗಡೆಯದು ಚಿಪ್ಪು ಆಯುವವರ ಕಾಲುದಾರಿ. ಅದು ಸೀದಾ ಕೆಸರಿಗೆ ಇಳಿಯುತ್ತದೆ.

ಮಧ್ಯಾಹ್ನ ಎರಡಕ್ಕೆ ಠಾಣೆಯ ಕಂಪ್ಯೂಟರಿನಲ್ಲಿ ಕಾರ್ಡು ಹಾಕಿ ನೋಡಿದರು. ಒಟ್ಟು ಹದಿನಾರು ಚಿತ್ರಗಳು. ಕೊನೆಯದಕ್ಕಿಂತ ಮೂರು ಹಿಂದಿನದು ಶನಿವಾರ ಮೂರೂ ಐವತ್ತೆರಡಕ್ಕೆ ತೆಗೆದದ್ದು. ಅದೇ ಕೈಮರ, ಅದೇ ಹಲಗೆ. ಬಾಣ ಮಾತ್ರ ಬಲಕ್ಕಿತ್ತು.

ಹೆಡ್ ಕಾನ್‌ಸ್ಟೇಬಲ್ ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. "ಯಾರೋ ತಿರುಗಿಸಿ, ಆಮೇಲೆ ಮತ್ತೆ ಸರಿ ಮಾಡಿದ್ದಾರೆ."

ಮತ್ತೆ ಹೋಗಿ ಏಣಿ ಹಾಕಿ ನೋಡಿದಾಗ ಬೋಲ್ಟಿನ ಸುತ್ತ ತುಕ್ಕು ಕೆರೆದುಹೋಗಿ ಹೊಸ ಗ್ರೀಸು ಮೆತ್ತಿತ್ತು. ಕೋಲಿನಿಂದ ಬಡಿದು ತಿರುಗಿಸಿದ ಪೋಕರಿಗಳ ಕೆಲಸವಲ್ಲ ಅದು. ಸ್ಪ್ಯಾನರ್ ಇದ್ದವನ, ಗ್ರೀಸು ಹಚ್ಚಿಯೇ ಕೆಲಸ ಮುಗಿಸುವ ಅಭ್ಯಾಸವಿದ್ದವನ ಕೈ. ಐದೂ ಇಪ್ಪತ್ತಕ್ಕೆ ಎಫ್ಐಆರ್ ದಾಖಲಾಯಿತು.

ಸೋಮವಾರ ಪಕ್ಷಿಧಾಮದ ಕಚೇರಿ. ಸ್ಪ್ಯಾನರ್, ಗ್ರೀಸು ಇಡುವ ಸಾಮಾನು ಕೋಣೆಗೆ ಎರಡೇ ಕೀಲಿ, ಒಂದು ಅಧಿಕಾರಿಯ ಬಳಿ, ಒಂದು ವಾಚರ್ ಬಳಿ. ವಾಚರ್ ಇಪ್ಪತ್ತೆರಡು ವರ್ಷದಿಂದ ಆ ಹಾದಿಗಳನ್ನು ಕಾಯುತ್ತಿದ್ದವನು.

"ಶನಿವಾರ ನಿಮ್ಮ ವಾಚರ್ ಎಲ್ಲಿದ್ದರು?"

"ಇಲ್ಲೇ ಸಾರ್," ಅಧಿಕಾರಿ ಉಬ್ಬಿಹೋಗಿ ಗೋಡೆಯ ಫೋಟೋ ತೋರಿಸಿದರು. "ಈ ವರ್ಷ ದಾಖಲೆ ಜನ ಬಂದಿದ್ದಾರೆ ನೋಡಿ. ಸಣ್ಣ ಸಮಾರಂಭ ಇಟ್ಕೊಂಡಿದ್ವಿ. ಮೂರು ಗಂಟೆಗೆ ಕರೆಸಿದೆ, ಐದರವರೆಗೂ ವೇದಿಕೆ ಮೇಲೇ ಇದ್ದ. ಪ್ರಶಂಸಾ ಪತ್ರ ಕೊಟ್ವಿ."

ಫೋಟೋದಲ್ಲಿ ಒಣಕಲು ಮನುಷ್ಯನೊಬ್ಬ ಪ್ರಶಂಸಾ ಪತ್ರ ಹಿಡಿದು, ಕ್ಯಾಮೆರಾ ಬಿಟ್ಟು ಬಾಗಿಲ ಕಡೆ ನೋಡುತ್ತಿದ್ದ.

ಇನ್‌ಸ್ಪೆಕ್ಟರ್ ಭೇಟಿ ಪುಸ್ತಕ ತರಿಸಿದರು. ಶನಿವಾರ ಹನ್ನೆರಡೂ ನಲವತ್ತಕ್ಕೆ ಯಾರೋ ದಂಪತಿ ಬರೆದಿದ್ದರು: 'ಬೋರ್ಡು ನಂಬಿ ಹೋಗಿ ಕೆಸರು ತುಳಿದು ವಾಪಸು ಬಂದೆವು. ಇನ್ನು ಈ ಕಡೆ ತಲೆ ಹಾಕುವುದಿಲ್ಲ.' ಕೆಳಗೆ 'ನೋಡಿದೆ' ಎಂದು ವಾಚರನ ಸಹಿ. ನೋಡಿಯೂ ಬೋರ್ಡು ಸರಿಮಾಡಿರಲಿಲ್ಲ. ಅದೇ ಕಪಾಟಿನ ಕಡತವೊಂದರಲ್ಲಿ ಅವನದೇ ಅಕ್ಷರದ ಮೂರು ಅರ್ಜಿಗಳಿದ್ದವು. ಮೂರರಲ್ಲೂ ಒಂದೇ ಮಾತು: ರೀವ ಎಂಬ ನೀರುಹಕ್ಕಿ ಬರಿ ಮರಳಿನ ಮೇಲೆ ಮೊಟ್ಟೆಯಿಡುತ್ತದೆ, ಗೂಡಿನ ಜಾಗವನ್ನು ನಕ್ಷೆಯಿಂದ ತೆಗೆಯಬೇಕು. ಮೂರರ ಮೇಲೂ ಒಂದೇ ಷರಾ: 'ಅವಶ್ಯವಿಲ್ಲ.' ಕಡತ ಜಪ್ತಿಯಾಯಿತು.

ಸಂಜೆ ನಾಲ್ಕಕ್ಕೆ ವಾಚರ್ ಠಾಣೆಗೆ ಬಂದ. ಕೂರಲು ಹೇಳಿದರೂ ನಿಂತೇ ಇದ್ದ.

"ಬೋರ್ಡು ತಿರುಗಿಸಿದ್ದು ಯಾವಾಗ?"

"ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ." ಸುಳ್ಳು ಹೇಳುವ ಉಸಾಬರಿಗೇ ಅವನು ಹೋಗಲಿಲ್ಲ.

"ಯಾಕೆ?"

"ಜನ ಕೆಸರು ತುಳಿದು ಬೈಕೊಂಡು ವಾಪಸು ಹೋಗ್ಲಿ ಅಂತ. ಇಳಿತದಲ್ಲಿ ಪಾದ ಮುಳುಗೋಷ್ಟೇ ಕೆಸರು ಸಾರ್, ಅಪಾಯ ಇಲ್ಲ. ನಾಲ್ಕಕ್ಕೆ ಕೆಸರಿನ ಮೇಲೆ ನೀರು ಹತ್ತೋಕೆ ಶುರು. ಅದಕ್ಕೆ ಮುಂಚೆ ಸರಿ ಮಾಡೋದು ಅಂದ್ಕೊಂಡಿದ್ದೆ."

"ಮಾಡಲಿಲ್ಲ."

"ಮೂರಕ್ಕೆ ಸನ್ಮಾನಕ್ಕೆ ಕರೆದ್ರು. ಎದ್ದು ಹೋಗ್ತೀನಿ ಅಂದೆ. ಅಧಿಕಾರಿಗಳು ಕೈ ಹಿಡಿದು ಕೂರಿಸಿದ್ರು."

"ಬೋರ್ಡಿನ ವಿಷಯ ಅವರಿಗೆ ಹೇಳಬಹುದಿತ್ತು."

ಅವನು ತಲೆಯಾಡಿಸಿದ. ಹೌದೆಂದೋ ಇಲ್ಲವೆಂದೋ ತಿಳಿಯಲಿಲ್ಲ.

"ನಕ್ಷೆ ಬಂದಾಗ ದಿಣ್ಣೆ ಮೇಲೆ ನಲವತ್ತೊಂದು ಗೂಡು ಸಾರ್. ಹೋದ ವಾರ ಎಣಿಸಿದೆ, ಆರು. ಯಾರೂ ಬೇಕು ಅಂತ ತುಳಿಯಲ್ಲ. ಮರಳಿನ ಬಣ್ಣ, ಮೊಟ್ಟೆ ಬಣ್ಣ ಒಂದೇ, ಗೊತ್ತೇ ಆಗಲ್ಲ. ನೀವೂ ಬಂದಿದ್ರಿ ಹೋದ ತಿಂಗಳು. ನಿಮ್ಮ ಮಗಳು ಚಿಪ್ಪು ಆರಿಸ್ತಿದ್ಲು. ಆ ಕಡೆ ಬೇಡಮ್ಮ ಅಂದೆ, ನಿಮ್ಮ ಮನೆಯವರಿಗೆ ಸಿಟ್ಟು ಬಂತು."

ಹೆಡ್ ಕಾನ್‌ಸ್ಟೇಬಲ್ ಬರೆಯುವುದನ್ನು ನಿಲ್ಲಿಸಿದ. ಇನ್‌ಸ್ಪೆಕ್ಟರಿಗೆ ಆ ಭಾನುವಾರದ ಬಿಸಿಲು ನೆನಪಾಯಿತು. ಈ ಮನುಷ್ಯನ ಮುಖ ಮಾತ್ರ ಎಷ್ಟು ತಡಕಿದರೂ ನೆನಪಾಗಲಿಲ್ಲ. "ಬರ್ಕೊಳ್ರಿ," ಎಂದರು. ಆಮೇಲೆ ವಾಚರನತ್ತ ತಿರುಗಿ, "ಸಮಾರಂಭ ಮುಗಿದ ಮೇಲೆ?"

"ಓಡಿ ಹೋದೆ. ಐದೂ ಕಾಲು. ಬೋರ್ಡು ಸರಿ ಮಾಡಿದೆ."

"ಯಾರಾದ್ರೂ ಕಂಡ್ರಾ?"

"ಕಾಣಲಿಲ್ಲ."

"ಏನಾದ್ರೂ ಕೇಳಿಸ್ತಾ?"

"ಒಂದು ಕೂಗು ಕೇಳಿಸ್ತು. ಹಕ್ಕಿ ಅಂದ್ಕೊಂಡೆ."

ಹೆಡ್ ಕಾನ್‌ಸ್ಟೇಬಲ್ ಅದನ್ನು ಬರೆದುಕೊಂಡ. ಗೋಡೆಯ ಮೇಲೆ ಫ್ಯಾನಿನ ನೆರಳು ಸುತ್ತುತ್ತಿತ್ತು.

"ಅಲ್ಲ ಸಾರ್," ಎಂದ ವಾಚರ್. "ಆ ಹೇಳಿಕೆ ಹೊಡೆದುಹಾಕಿ. ಇಪ್ಪತ್ತೆರಡು ವರ್ಷ ಅಲ್ಲಿನ ಹಕ್ಕಿ ಕೂಗು ಕೇಳಿದವನು ನಾನು. ಅದು ಹಕ್ಕಿ ಅಲ್ಲ ಅಂತ ಗೊತ್ತಿತ್ತು. ಎರಡು ಸಲ ಕೇಳಿಸ್ತು. ದೋಣಿ ಇತ್ತು, ಹಗ್ಗ ಇತ್ತು. ಹೋಗಿ ಎಳೆದ್ರೆ ಬೋರ್ಡು ತಿರುಗಿಸಿದ್ದು ಯಾರು ಅಂತ ಬರುತ್ತೆ, ಕೆಲಸ ಹೋಗುತ್ತೆ, ಆಮೇಲೆ ಆ ಆರು ಗೂಡು ನೋಡೋರು ಯಾರು ಅಂತ ಲೆಕ್ಕ ಹಾಕ್ತಾ ನಿಂತೆ. ಲೆಕ್ಕ ಮುಗಿಯೋ ಹೊತ್ತಿಗೆ ಕೂಗು ನಿಂತಿತ್ತು."

ಐದೂ ನಲವತ್ತಕ್ಕೆ ಬಂಧನದ ಮೆಮೊ ತಯಾರಾಯಿತು. ಅವನು ಓದಿ ನೋಡಿ ಸಹಿ ಹಾಕಿದ. ಮನೆಯವರಿಗೆ ಫೋನ್ ಮಾಡುತ್ತೀರಾ ಎಂದು ಕೇಳಿದ್ದಕ್ಕೆ, ಇವತ್ತು ದಿಣ್ಣೆಯ ಹತ್ತಿರ ಯಾರಿದ್ದಾರೆ ಎಂದು ಕೇಳಿದ. ಕಾವಲಿಗೆ ಯಾರೂ ಇರಲಿಲ್ಲ. ಹೆಣ ಸಿಕ್ಕ ಜಾಗ ನೋಡಲು ಮಧ್ಯಾಹ್ನದಿಂದ ಜನ ಕಿಕ್ಕಿರಿದಿದ್ದರು. ದಿಣ್ಣೆಯ ಮೇಲೆ ನಿಂತರೆ ಚೆನ್ನಾಗಿ ಕಾಣುತ್ತದಂತೆ. ಅದನ್ನು ಅವನಿಗೆ ಯಾರೂ ಹೇಳಲಿಲ್ಲ.

ಮರುದಿನ ಅಣ್ಣನ ಸಾಮಾನು ಕೇಳಿಕೊಂಡು ಹೊಲಿಗೆ ಅಂಗಡಿಯ ಹೆಂಗಸು ಬಂದಳು.

"ನಮ್ಮಣ್ಣನ ಮೇಲೆ ಅವನಿಗೇನು ಸಿಟ್ಟಿತ್ತು ಸಾರ್?"

"ನಿಮ್ಮಣ್ಣ ಯಾರು ಅಂತಲೇ ಅವನಿಗೆ ಗೊತ್ತಿರಲಿಲ್ಲಮ್ಮ. ಹಕ್ಕಿಗೂಡು ಉಳಿಸೋಕೆ ಹೊರಟಿದ್ದ."

ಅವಳು ಕುತ್ತಿಗೆಯ ಅಳತೆ ಟೇಪು ತೆಗೆದು ಸುತ್ತಿಟ್ಟಳು.

"ಅಣ್ಣ ಕೂಗಿದ್ನಾ?"

ಹೇಳಿಕೆಯ ಕಾಗದ ಇನ್‌ಸ್ಪೆಕ್ಟರ ಮುಂದೆಯೇ ಇತ್ತು. ಇಂದಲ್ಲ ನಾಳೆ ನ್ಯಾಯಾಲಯದಲ್ಲಿ ಅವಳು ಅದನ್ನು ಕೇಳಲೇಬೇಕು.

"ಕೂಗಿದ್ರು," ಎಂದರು. "ಎರಡು ಸಲ."